ಕಾಲೇಜು ಫುಟ್‌ಬಾಲ್: ಸ್ಕೌಟ್ ಟೀಮ್ ಚೆನ್ನಾಗಿದ್ದರೆ ಪಂದ್ಯದ ತಯಾರಿಗೆ ಏನು ವ್ಯತ್ಯಾಸ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಪಂದ್ಯದ ದಿನವಾದ ಶನಿವಾರ ಮೈದಾನಕ್ಕೇ ಇಳಿಯದ ಅಭ್ಯಾಸದ ಹುಡುಗರ ಪ್ರತಿಭೆಯಿಂದ ತಂಡದ ತಯಾರಿಗೆ ವ್ಯತ್ಯಾಸ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಎಲ್ಲ ಜಾಗದಲ್ಲೂ ಒಂದೇ ಸಮ ಅಲ್ಲ.

'ಪ್ರಾಕ್ಟೀಸ್ ಸ್ಕ್ವಾಡ್' ಅನ್ನುವುದು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಮಾತು, ಅಲ್ಲಿ ಅವರು ಸಂಬಳದ ಆಟಗಾರರು. ಕಾಲೇಜಿನಲ್ಲಿ ಇದಕ್ಕೆ ಸ್ಕೌಟ್ ಟೀಮ್ ಅಂತಾರೆ. ರೆಡ್‌ಶರ್ಟ್ ಆಗಿರುವ (ಆಡುವ ಅರ್ಹತೆಯ ಒಂದು ವರ್ಷ ಉಳಿಸಿಕೊಳ್ಳಲು ಪಂದ್ಯಗಳಿಂದ ಹೆಚ್ಚಾಗಿ ಹೊರಗುಳಿದ) ಮೊದಲ ವರ್ಷದವರು, ಸ್ಕಾಲರ್‌ಶಿಪ್ ಇಲ್ಲದೆ ಸೇರಿದ ವಾಕ್-ಆನ್‌ಗಳು ಇದರಲ್ಲಿರುತ್ತಾರೆ. ಆ ವಾರದ ಎದುರಾಳಿಯ ಹಾಗೆಯೇ ಆಡಿ ತೋರಿಸುವುದು ಇವರ ಕೆಲಸ. ಕ್ರಿಕೆಟ್‌ನ ನೆಟ್ ಬೌಲರ್ ಇದ್ದ ಹಾಗೆ, ಆದರೆ ಇಲ್ಲಿ ಹನ್ನೊಂದು ಜನ ಒಟ್ಟಿಗೆ.

ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮದ ಪ್ರಕಾರ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಾತ್ರ. ಮೀಟಿಂಗ್, ವಿಡಿಯೊ, ಜಿಮ್ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಪೂರ್ತಿ ವೇಗದ ಅಭ್ಯಾಸ ಹೆಚ್ಚಿನ ತಂಡಗಳಿಗೆ ಸಿಗುವುದು ಮಂಗಳವಾರ, ಬುಧವಾರ ಮಾತ್ರ. ಅಲ್ಲಿ ಹಾಳಾದ ಪ್ಲೇ (ಮೊದಲೇ ಯೋಜಿಸಿದ ಒಂದು ನಡೆ) ಮತ್ತೆ ಸಿಗುವುದಿಲ್ಲ.

ಸ್ಕೌಟ್ ಹುಡುಗರು ಹಡಲ್‌ನಲ್ಲಿ (ಪ್ಲೇಗೆ ಮುಂಚೆ ಒತ್ತಾಗಿ ಸುತ್ತುಗಟ್ಟಿ ನಿಲ್ಲುವ ಗುಂಪು) ಸೇರಿದಾಗ ಒಬ್ಬ ಸಹಾಯಕ ಕೋಚ್ ದೊಡ್ಡ ಕಾರ್ಡ್ ಎತ್ತಿ ಹಿಡಿಯುತ್ತಾನೆ. ದಪ್ಪ ಮಾರ್ಕರ್‌ನಲ್ಲಿ ಬರೆದ ವೃತ್ತಗಳು, ಬಾಣಗಳು. ಪ್ರತಿಯೊಬ್ಬನೂ ತನ್ನ ವೃತ್ತ ಹುಡುಕಿ, ಬಾಣ ಎಲ್ಲಿಗೆ ಹೋಗುತ್ತದೆ ನೋಡಿಕೊಂಡು ಓಡಿಹೋಗಿ ನಿಲ್ಲಬೇಕು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕಾರ್ಡ್ ಹೇಳುತ್ತದೆ, ಎಷ್ಟು ಬೇಗ ಅನ್ನುವುದನ್ನು ಹೇಳುವುದಿಲ್ಲ. ಪ್ರತಿಭೆ ಬೇಕಾಗುವುದು ಅಲ್ಲೇ.

ನನ್ನ ಪ್ರಕಾರ ಮೂರು ಜಾಗ ಮುಖ್ಯ: ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಮತ್ತು ಎರಡೂ ಕಡೆಯ ಲೈನ್ (ಮುಂದೆ ಎದುರುಬದುರು ನಿಂತು ತಳ್ಳಾಡುವವರು). ಲೈನ್‌ನ ತುದಿಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಸ್ಕೌಟ್ ಡಿಫೆನ್ಸಿವ್ ಎಂಡ್ ನಿಧಾನ ಇದ್ದರೆ ನಿಮ್ಮ ಕ್ವಾರ್ಟರ್‌ಬ್ಯಾಕ್ ಮೂರೂವರೆ ಸೆಕೆಂಡ್ ಚೆಂಡು ಹಿಡಿದುಕೊಂಡು ನಿಲ್ಲುವ ಅಭ್ಯಾಸ ಮಾಡಿಕೊಳ್ಳುತ್ತಾನೆ. ಶನಿವಾರ ಎರಡೂವರೆ ಸೆಕೆಂಡಿಗೇ ಮೈಮೇಲೆ ಆಳು ಬಿದ್ದಿರುತ್ತಾನೆ. ಇದಕ್ಕೆ ಉಪಾಯ ಇದೆ: ಸ್ಕೌಟ್ ಆಟಗಾರನಿಗೆ ಸ್ನ್ಯಾಪ್ ಕೌಂಟ್ (ಯಾವ ಕೂಗಿಗೆ ಪ್ಲೇ ಶುರುವಾಗುತ್ತದೆ ಅನ್ನುವುದು) ಮೊದಲೇ ಹೇಳಿಬಿಡಿ, ಕೋಚ್ ಸ್ಟಾಪ್‌ವಾಚ್ ಹಿಡಿದು 2.5 ಸೆಕೆಂಡಿಗೆ ಸೀಟಿ ಊದಲಿ.

ಸೇನಾ ಅಕಾಡೆಮಿಗಳಾದ ಆರ್ಮಿ, ನೇವಿ, ಏರ್ ಫೋರ್ಸ್ ತಂಡಗಳ ಟ್ರಿಪಲ್ ಆಪ್ಶನ್ (ಮೂರು ಆಯ್ಕೆಯ ಓಟದ ಆಟ) ಎದುರಿಸುವ ವಾರವೇ ಎಲ್ಲಕ್ಕಿಂತ ಕಷ್ಟ. ಚೆಂಡು ಹಿಂದೆ ನಿಂತ ಫುಲ್‌ಬ್ಯಾಕ್‌ಗೆ ಹೋಗಬಹುದು, ಕ್ವಾರ್ಟರ್‌ಬ್ಯಾಕೇ ಇಟ್ಟುಕೊಳ್ಳಬಹುದು, ಪಕ್ಕದಲ್ಲಿ ಓಡುವವನಿಗೆ ಎಸೆಯಬಹುದು. ಈ ತಂಡಗಳು ವರ್ಷವಿಡೀ ರೂಢಿಸಿಕೊಂಡದ್ದನ್ನು ಸ್ಕೌಟ್ ಕ್ವಾರ್ಟರ್‌ಬ್ಯಾಕ್ ನಾಲ್ಕು ದಿನದಲ್ಲಿ ಕಲಿಯಲಾರ. ಅವನು ತಡವರಿಸಿದರೆ ಡಿಫೆಂಡರ್‌ಗಳು ಚೆಂಡನ್ನು ನೋಡಿಯೇ ಓಡುತ್ತಾರೆ, ಅಭ್ಯಾಸದಲ್ಲಿ ಹಿಡಿದೂ ಬಿಡುತ್ತಾರೆ. ಪಂದ್ಯದಲ್ಲಿ ಅದೇ ಮುಳುವಾಗುತ್ತದೆ. ಅದಕ್ಕೇ ಬಲ್ಲವರು ಚೆಂಡೇ ಇಲ್ಲದೆ ಆಡಿಸುತ್ತಾರೆ. ನೋಡಲು ಚೆಂಡಿಲ್ಲ ಅಂದಮೇಲೆ ಪ್ರತಿಯೊಬ್ಬನೂ ತನಗೆ ಒಪ್ಪಿಸಿದ ಆಳನ್ನೇ ಹಿಡಿಯಬೇಕು. ಇನ್ನು ಮೊಣಕಾಲಿಗೆ ಬೀಳುವ ಕಟ್ ಬ್ಲಾಕ್. ಅದನ್ನು ಸ್ವಂತ ತಂಡದವರ ಮೇಲೆ ಮಾಡಿಸಿದರೆ ಮಂಡಿ ಹೋಗುತ್ತದೆ. ಬದಲಿಗೆ ಜಿಮ್‌ನ ದೊಡ್ಡ ಗಾಳಿ ಚೆಂಡನ್ನು ಕಾಲಿನತ್ತ ಉರುಳಿಸಿ, ಎರಡೂ ಕೈಯಿಂದ ಕೆಳಕ್ಕೆ ಒತ್ತಿ ಮುಂದೆ ಹೋಗಲು ಕಲಿಸಬೇಕು.

ಒಳ್ಳೆಯ ಉದಾಹರಣೆ ಜಾರ್ಜಿಯಾ ತಂಡದ್ದು. 2018ರ ಜನವರಿ 1ರ ರೋಸ್ ಬೌಲ್ ಪಂದ್ಯಕ್ಕೆ ತಯಾರಿ ನಡೆಸುವಾಗ ಎದುರಾಳಿ ಒಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಪಾತ್ರ ವಹಿಸಿದವನು ಸ್ಟೆಟ್ಸನ್ ಬೆನೆಟ್ ಎಂಬ ವಾಕ್-ಆನ್. ಪಾಕೆಟ್‌ನಿಂದ (ಲೈನ್‌ನವರು ಸುತ್ತ ನಿಂತು ಕಾಯುವ ಜಾಗ) ತಪ್ಪಿಸಿಕೊಂಡು ಓಡುತ್ತಲೇ ಎಸೆಯುವುದು ಅವನಿಗೆ ಸಹಜವಾಗಿ ಬರುತ್ತಿತ್ತು. ಜಾರ್ಜಿಯಾ 54–48ರಿಂದ ಗೆದ್ದಿತು. ತಂಡ 48 ಪಾಯಿಂಟ್ ಬಿಟ್ಟುಕೊಟ್ಟಿತ್ತು ಅನ್ನುವುದನ್ನೂ ಮರೆಯಬಾರದು, ಸ್ಕೌಟ್ ಟೀಮ್ ಪವಾಡ ಮಾಡುವುದಿಲ್ಲ. ಅದೇ ಬೆನೆಟ್ ಮುಂದೆ 2021 ಮತ್ತು 2022ರ ಸೀಸನ್‌ಗಳಲ್ಲಿ ಜಾರ್ಜಿಯಾಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ.

ಪ್ರತಿಭೆ ಇದ್ದೂ ಕೆಡುವುದುಂಟು. ಅದೇ ಪ್ಲೇ ಮೂರನೇ ಸಲ ಬಂದಾಗ ಸ್ಕೌಟ್ ಕಾರ್ನರ್‌ಬ್ಯಾಕ್ (ಎಸೆದ ಚೆಂಡನ್ನು ತಡೆಯುವವನು) ಕಾರ್ಡ್ ಬಿಟ್ಟು ಮೊದಲೇ ಜಿಗಿದು ಚೆಂಡು ಕಸಿಯುತ್ತಾನೆ. ಕೋಚ್ ಕಣ್ಣಿಗೆ ಬೀಳುವ ಆಸೆ, ತಪ್ಪಲ್ಲ. ಆದರೆ ಎದುರಾಳಿ ಹಾಗೆ ಆಡುವುದಿಲ್ಲವಲ್ಲ! ಕಾರ್ಡ್ ಹೇಳಿದಷ್ಟೇ, ಆದರೆ ಪೂರ್ತಿ ವೇಗದಲ್ಲಿ ಅಂತ ಮೊದಲೇ ಕಟ್ಟುನಿಟ್ಟು ಮಾಡಬೇಕು. ಸುಸ್ತು ಇನ್ನೊಂದು ತೊಂದರೆ. ಎರಡು ಹಡಲ್ ಮಾಡಿ, ಒಂದು ಗುಂಪು ಆಡುವಾಗ ಇನ್ನೊಂದಕ್ಕೆ ಕಾರ್ಡ್ ತೋರಿಸಿದರೆ ವೇಗ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಆ ಎರಡನೇ ಗುಂಪಿಗೇ ಈಗ ಆಳು ಸಾಲದು. 2025ರ ಹೌಸ್ ಒಪ್ಪಂದದ (ಆಟಗಾರರಿಗೆ ಹಣ ಕೊಡಲು ಕಾಲೇಜುಗಳಿಗೆ ದಾರಿ ಮಾಡಿದ ಕೋರ್ಟ್ ರಾಜಿ) ನಂತರ ಅದಕ್ಕೆ ಒಳಪಟ್ಟ ತಂಡಗಳಿಗೆ 105 ಆಟಗಾರರ ಮಿತಿ ಬಂದಿದೆ. ಮೊದಲು 120 ದಾಟಿಸಿ ಇಟ್ಟುಕೊಳ್ಳುತ್ತಿದ್ದವರು ವಾಕ್-ಆನ್‌ಗಳನ್ನೇ ಕೈಬಿಡಬೇಕಾಯಿತು. ಅಂಥ ತಂಡ ಮಂಗಳವಾರ, ಬುಧವಾರ ಹತ್ತತ್ತು ನಿಮಿಷವಾದರೂ ಮೊದಲ ಸಾಲಿನ ಆಫೆನ್ಸ್ ಮತ್ತು ಡಿಫೆನ್ಸನ್ನು ಎದುರುಬದುರು ಆಡಿಸಲಿ. ಎದುರಾಳಿಯ ಪ್ಲೇ ಕಾಣಿಸದಿದ್ದರೂ ಶನಿವಾರದ ವೇಗ ಕಾಲಿಗೆ ಗೊತ್ತಾಗುತ್ತದೆ.