ಹತ್ತು ದಿನದ ಹೆಡ್‌ಫೋನ್ ಮತ್ತು ಒತ್ತಕ್ಷರ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗ ಮೂರನೇ ತರಗತಿ. ಮಾತಿನಲ್ಲಿ ಚುರುಕು, ಲೆಕ್ಕವೂ ಪರವಾಗಿಲ್ಲ. ಓದು ಮಾತ್ರ ಹತ್ತುತ್ತಿಲ್ಲ. 'ಹಣ್ಣು' ಎಂದಿದ್ದರೆ 'ಹಣು' ಎನ್ನುತ್ತಾನೆ. ಒತ್ತಕ್ಷರ ಜಾಸ್ತಿ ಇದ್ದರೆ ಪುಸ್ತಕ ಮುಚ್ಚಿಬಿಡುತ್ತಾನೆ. 'ಇವನ ಕಿವಿ ಶಬ್ದಗಳನ್ನು ಸರಿಯಾಗಿ ಹಿಡಿಯುತ್ತಿಲ್ಲ, ಸಂಗೀತ ಕೇಳಿಸಿ ಸರಿ ಮಾಡ್ತೀವಿ' ಎಂದು ಒಂದು ಥೆರಪಿ ಕೇಂದ್ರದವರು ಹೇಳಿದ್ದರು. ಒಂದು ಸುತ್ತು ಮುಗಿದಿತ್ತು. ಎರಡನೆಯದಕ್ಕೆ ಬಳೆ ಅಡವಿಡುವ ಮುಂಚೆ ತಾಯಿ ನನ್ನ ಹತ್ತಿರ ಬಂದರು.

"ಮೇಡಂ, ಇನ್ನೊಂದು ಸಲ ಮಾಡಿಸಲಾ? ಈಗ ಸಮಾಧಾನವಾಗಿ ಕೂತ್ಕೋತಾನೆ."

"ಓದು?" ಎಂದೆ. ಅವರು ಮಾತಾಡಲಿಲ್ಲ.

ಆಡಿಟರಿ ಇಂಟಿಗ್ರೇಷನ್ ಟ್ರೈನಿಂಗ್ ಎಂಬ ಈ ವಿಧಾನ ರೂಪಿಸಿದ್ದು ಫ್ರಾನ್ಸಿನ ಕಿವಿ ಮೂಗು ಗಂಟಲು ವೈದ್ಯ ಗೀ ಬೆರಾರ್. ಯಂತ್ರದಲ್ಲಿ ಸೋಸಿ, ಅಂದರೆ ಕೆಲವು ದನಿಗಳನ್ನು ತೆಗೆದು, ಏರಿಳಿಸಿದ ಸಂಗೀತವನ್ನು ಹೆಡ್‌ಫೋನಿನಲ್ಲಿ 10 ದಿನ, ದಿನಕ್ಕೆರಡು ಸಲ, ಅರ್ಧರ್ಧ ಗಂಟೆ ಕೇಳಿಸುತ್ತಾರೆ. ನಡುವೆ ಕೆಲವು ಗಂಟೆ ಬಿಡುವು. ಆ ಬಿಡುವಿನಲ್ಲಿ ಮಗು ಏನು ಮಾಡುತ್ತಿತ್ತು ಎಂದು ಕೇಳಿದೆ. ತಂದೆ ರಜೆ ಹಾಕಿದ್ದರಂತೆ. ಅಪ್ಪ ಮಗ ಪಾರ್ಕಿನಲ್ಲಿ ಕೂತು ಬುತ್ತಿ ತಿಂದು ಕತೆ ಹೇಳಿಕೊಳ್ಳುತ್ತಿದ್ದರಂತೆ. ಹತ್ತು ದಿನ ಅಪ್ಪ ಪೂರ್ತಿ ಅವನ ಪಾಲಿಗೆ ಸಿಕ್ಕಿದ್ದರು, ಅಲ್ವಾ?

ಆಗ ಅವರಿಗೆ ಒಂದು ಅಧ್ಯಯನದ ವಿಷಯ ಹೇಳಿದೆ. 1996ರಲ್ಲಿ ಆಸ್ಟ್ರೇಲಿಯಾದ ಸ್ಯೂ ಬೆಟಿಸನ್ ಆಟಿಸಂ (ಮಾತು, ಬೆರೆಯುವಿಕೆಯಲ್ಲಿ ತೊಡಕಾಗುವ ಬೆಳವಣಿಗೆಯ ಸ್ಥಿತಿ) ಇರುವ 80 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಸೋಸಿದ ಸಂಗೀತ, ಇನ್ನೊಂದಕ್ಕೆ ಅದೇ ಸಂಗೀತ, ಸೋಸದೆ. ಎರಡೂ ಗುಂಪಿನ ಮಕ್ಕಳು ಒಂದೇ ಥರ ಸುಧಾರಿಸಿದರು. ಅಂದರೆ ಯಂತ್ರದಿಂದ ಹೆಚ್ಚಿನದೇನೂ ಸಿಗಲಿಲ್ಲ. 2011ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಆಟಿಸಂಗೆ ಕೊಡುವ ಇಂಥ ಚಿಕಿತ್ಸೆಗಳ 7 ಅಧ್ಯಯನಗಳನ್ನು, ಒಟ್ಟು 182 ಜನರ ಮಾಹಿತಿಯನ್ನು ನೋಡಿ, ಫಲ ಕೊಡುತ್ತದೆ ಎನ್ನಲು ಪುರಾವೆ ಇಲ್ಲ ಎಂದಿತು. ಕಲಿಕೆಯ ತೊಂದರೆಗೂ ಇದನ್ನು ಮಾರುತ್ತಾರೆ. ಆದರೆ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2004ರಲ್ಲೇ ಈ ವಿಧಾನ ವೈಜ್ಞಾನಿಕ ಮಟ್ಟ ಮುಟ್ಟಿಲ್ಲ ಎಂದಿದೆ.

ನನಗೆ ಸಿಟ್ಟು ಬಂದಿದ್ದು ಬೇರೆಯದಕ್ಕೆ. ಆ ಕೇಂದ್ರದಲ್ಲಿ ಹುಡುಗನ ಕಿವಿ ಪರೀಕ್ಷೆಯನ್ನೇ ಮಾಡಿರಲಿಲ್ಲ. ಪ್ರಶ್ನೆಗಳ ಹಾಳೆಯೊಂದನ್ನು ತುಂಬಿಸಿಕೊಂಡು ಹಣ ಕಟ್ಟಿಸಿಕೊಂಡಿದ್ದರು.

"ಬಳೆ ಕೈಯಲ್ಲೇ ಇರಲಿಯಮ್ಮ" ಎಂದೆ. "ಮೊದಲು ಆಡಿಯಾಲಜಿಸ್ಟ್ ಹತ್ತಿರ ಕಿವಿ ಪರೀಕ್ಷೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಸರ್ಕಾರದ್ದು, ಅಲ್ಲಿ ಕಲಿಕೆಯ ತೊಂದರೆಯನ್ನೂ ನೋಡುತ್ತಾರೆ. ಸಂಗೀತ ಅವನಿಗೆ ಇಷ್ಟ ಅಂದ್ರೆ ಮನೆಯಲ್ಲೇ ಸಣ್ಣ ದನಿಯಲ್ಲಿ ಕೇಳಲಿ, ಬೇಡ ಅನ್ನಲ್ಲ. ಓದು ಮಾತ್ರ ಓದಿಸಿಯೇ ಬರಬೇಕು."

ತಪ್ಪು ಮಾಡಿಬಿಟ್ಟೆನಾ ಎಂದು ಅವರು ಅತ್ತರು. ಮಗುವಿಗಾಗಿ ಓಡಾಡಿದ್ದು ತಪ್ಪು ಹೇಗಾಗುತ್ತದೆ?

ಕಿವಿ ಸರಿಯಿತ್ತು. ಪರೀಕ್ಷೆಯಲ್ಲಿ ಓದಿನ ತೊಂದರೆ ಖಚಿತವಾಯಿತು. ಈಗ ವಿಶೇಷ ಶಿಕ್ಷಕಿಯೊಬ್ಬರು ಕಾಗುಣಿತ, ಸಜಾತಿ ಒತ್ತು, ಆಮೇಲೆ ವಿಜಾತಿ ಒತ್ತು ಎಂದು ಒಂದೊಂದಾಗಿ ಕಲಿಸುತ್ತಿದ್ದಾರೆ. ಮನೆಯಲ್ಲಿ ದಿನಕ್ಕೆ 20 ನಿಮಿಷ ಅಪ್ಪನ ಪಾಳಿ. ಶಬ್ದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು, ಮಣ್ಣಿನಲ್ಲಿ ಬರೆಯುವುದು. ಹೋದ ವಾರ ಬಂದಾಗ ಹುಡುಗ ನನ್ನ ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡು, ನಿಧಾನವಾಗಿ, 'ಬೆಣ್ಣೆ' ಎಂದು ಓದಿದ.