ಏಜೆಂಟ್‌ಗಳ ನಡುವಿನ ಸಂವಹನಕ್ಕೆ ಮಾದರಿ ಕಟ್ಟುವಾಗ ಸಂದೇಶಗಳ ಚಿತ್ರ ಬರೆದರೆ ಸಾಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೇರೆ ಬೇರೆಯವರು ಬರೆದ ಮೂರು ಪರಿಣತ ವ್ಯವಸ್ಥೆಗಳು, ಅಂದರೆ ತಜ್ಞರ ಅರಿವನ್ನು ನಿಯಮಗಳಾಗಿ ಇಟ್ಟುಕೊಂಡು ಸಮಸ್ಯೆ ಬಿಡಿಸುವ ತಂತ್ರಾಂಶಗಳು, ನಿಮ್ಮ ಕೈಯಲ್ಲಿವೆ. ಅವು ಏಜೆಂಟ್‌ಗಳಾಗಿ, ಅಂದರೆ ತಾವೇ ನಿರ್ಧರಿಸಿ ಒಂದರೊಡನೊಂದು ಮಾತಾಡುವ ತಂತ್ರಾಂಶಗಳಾಗಿ, ಒಂದೇ ಸಮಸ್ಯೆಯ ಮೇಲೆ ಕೂಡಿ ಕೆಲಸ ಮಾಡಬೇಕು. ಎಂ.ಟೆಕ್. ಪ್ರಬಂಧದಲ್ಲಿ ಅವುಗಳ ನಡುವಿನ ಸಂವಹನಕ್ಕೆ ಒಂದು ಮಾದರಿ ಕೊಡಬೇಕು. ಯಾರು ಯಾರಿಗೆ ಯಾವ ಸಂದೇಶ ಕಳುಹಿಸುತ್ತಾರೆ ಎಂಬ ಚಿತ್ರ ಬರೆದು, ಏಜೆಂಟ್‌ಗಳ ಸಂದೇಶಗಳಿಗೆಂದೇ ರೂಪಿಸಿದ ಕೆಕ್ಯೂಎಂಎಲ್ ಅಥವಾ ಫಿಪಾ, ಎರಡರಲ್ಲಿ ಒಂದು ಭಾಷೆಯನ್ನು ಆರಿಸಿಕೊಂಡರೆ ಮುಗಿಯಿತೇ?

ಮುಗಿಯುವುದಿಲ್ಲ. ಚಿತ್ರ ಬೇಕು, ಭಾಷೆಯೂ ಬೇಕು. ಆದರೆ ಎಲ್ಲವೂ ನೆಟ್ಟಗೆ ನಡೆದ ದಿನ ಏನಾಗುತ್ತದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಕೂಡಿ ದುಡಿಯುವವರಿಗೆ ಮಾತಿನ ಅಗತ್ಯ ಹೆಚ್ಚಾಗಿ ಬೀಳುವುದು ಕೆಲಸ ಅರ್ಧಕ್ಕೆ ನಿಂತಾಗ, ಒಬ್ಬರಿಗೆ ಗೊತ್ತಾದ ಸಂಗತಿ ಉಳಿದವರಿಗೆ ಗೊತ್ತಿಲ್ಲದಿದ್ದಾಗ. ಮಾದರಿ ಕಟ್ಟುವುದನ್ನು ಅಲ್ಲಿಂದ ಆರಂಭಿಸಬೇಕು ಎಂಬುದು ನನ್ನ ವಾದ. ನಾನು ವಿದ್ಯುತ್ ನಿಯಂತ್ರಣ ಕೇಂದ್ರಗಳ ತಂತ್ರಾಂಶದ ಕೆಲಸದಲ್ಲಿದ್ದೇನೆ, ಹಾಗಾಗಿ ಉದಾಹರಣೆಯನ್ನೂ ಅದೇ ಕ್ಷೇತ್ರದಿಂದ ಕೊಡುತ್ತೇನೆ.

1989ರಿಂದ 1994ರವರೆಗೆ ಯುರೋಪಿನ ಎಸ್‌ಪ್ರಿ ಸಂಶೋಧನಾ ಕಾರ್ಯಕ್ರಮದ ಅಡಿಯಲ್ಲಿ ಆರ್ಕಾನ್ ಎಂಬ ಯೋಜನೆ ನಡೆಯಿತು. ಈಗಾಗಲೇ ಬಳಕೆಯಲ್ಲಿರುವ ಪರಿಣತ ವ್ಯವಸ್ಥೆಗಳನ್ನು ಬಿಚ್ಚಿ ಹೊಸದಾಗಿ ಬರೆಯುವ ಬದಲು, ಪ್ರತಿಯೊಂದರ ಮೇಲೂ ಸಹಕಾರದ ಒಂದು ಪದರವನ್ನು ಕೂರಿಸಿ ಅವನ್ನು ಏಜೆಂಟ್‌ಗಳನ್ನಾಗಿ ಮಾಡುವುದು ಅದರ ಉದ್ದೇಶ. ನಿಮ್ಮ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ಹಳೆಯ ಉದಾಹರಣೆ ನನಗೆ ತಿಳಿದಿಲ್ಲ. ಸ್ಪೇನಿನ ಇಬೆರ್‌ಡ್ರೋಲಾ ಕಂಪನಿಯ ವಿದ್ಯುತ್ ಪ್ರಸರಣ ಜಾಲದಲ್ಲೂ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಕಣ ವೇಗವರ್ಧಕದ ನಿಯಂತ್ರಣದಲ್ಲೂ ಅದನ್ನು ಅಳವಡಿಸಲಾಯಿತು. ಸರ್ನ್ ಕಥೆ ಸದ್ಯ ಬೇಡ, ಸ್ಪೇನಿನದನ್ನು ನೋಡೋಣ.

ಪ್ರಸರಣ ಜಾಲದಲ್ಲಿ ಎಲ್ಲೋ ಒಂದು ದೋಷ ಕಾಣಿಸಿಕೊಂಡಿತು ಎನ್ನಿ. ರಿಲೇಗಳು ಅದನ್ನು ಗುರುತಿಸುತ್ತವೆ, ಬ್ರೇಕರ್‌ಗಳು ಟ್ರಿಪ್ ಆಗುತ್ತವೆ, ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅಲಾರಂಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಕೆಲವು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಒಂದು ಏಜೆಂಟ್ ನಿಯಂತ್ರಣ ವ್ಯವಸ್ಥೆಯಿಂದ ಈ ಅಲಾರಂಗಳನ್ನು ಎತ್ತಿಕೊಂಡು ಉಳಿದವರಿಗೆ ಹಂಚುತ್ತದೆ. ಇನ್ನೊಂದು ಅಲಾರಂಗಳನ್ನು ವಿಶ್ಲೇಷಿಸಿ ಕೆಟ್ಟಿರುವ ಉಪಕರಣ ಯಾವುದು ಎಂದು ಹುಡುಕುತ್ತದೆ. ಮೊದಲು ಶಂಕಿತರ ಉದ್ದನೆಯ ಪಟ್ಟಿಯನ್ನು ಬೇಗ ಮಾಡಿಕೊಂಡು, ಆಮೇಲೆ ಒಂದೊಂದನ್ನೂ ನಿಧಾನವಾಗಿ ಪರೀಕ್ಷಿಸುವುದು ಅದರ ಕ್ರಮ. ಮೂರನೆಯದು ಮೊದಲಿಗೆ ಯಾವ ಪ್ರದೇಶಕ್ಕೆ ವಿದ್ಯುತ್ ಹೋಯಿತು ಎಂಬುದನ್ನು ಗುರುತಿಸುತ್ತದೆ. ಕೆಟ್ಟ ಉಪಕರಣ ಆ ಕತ್ತಲಾದ ಪ್ರದೇಶದೊಳಗೇ ಇರಬೇಕು. ಹಾಗಾಗಿ ಮೂರನೆಯದರ ಉತ್ತರ ಸಿಕ್ಕಿದರೆ ಎರಡನೆಯದು ತನ್ನ ಪಟ್ಟಿಯಿಂದ ಸಾಕಷ್ಟು ಹೆಸರುಗಳನ್ನು ಹೊಡೆದುಹಾಕಬಹುದು.

ಸಂದೇಶಗಳನ್ನು ಸರದಿಯಾಗಿ ತೋರಿಸುವ ಅನುಕ್ರಮ ಚಿತ್ರದಲ್ಲಿ ಇದು ಮೂರನೆಯದರಿಂದ ಎರಡನೆಯದಕ್ಕೆ ಒಂದು ಬಾಣ, ಅಷ್ಟೇ. ಆದರೆ ತನ್ನ ಉತ್ತರ ಇನ್ನೊಬ್ಬರಿಗೆ ಉಪಯೋಗವಾಗುತ್ತದೆ ಎಂದು ಮೂರನೆಯದಕ್ಕೆ ಹೇಗೆ ಗೊತ್ತು? ಎರಡನೆಯದು ಕೇಳಿಲ್ಲ. ಆರ್ಕಾನ್‌ನಲ್ಲಿ ಇದಕ್ಕೊಂದು ಜಾಗವಿತ್ತು. ಪ್ರತಿ ಏಜೆಂಟ್ ತನ್ನ ಬಗೆಗಿನ ಒಂದು ಮಾದರಿಯನ್ನೂ ತನ್ನ ಪರಿಚಿತರ ಮಾದರಿಗಳನ್ನೂ ಇಟ್ಟುಕೊಂಡಿರುತ್ತಿತ್ತು. ಯಾರಿಗೆ ಏನು ಬರುತ್ತದೆ, ಯಾರಿಗೆ ಯಾವ ಮಾಹಿತಿಯಲ್ಲಿ ಆಸಕ್ತಿಯಿದೆ ಎಂಬುದು ಅದರಲ್ಲಿ ಬರೆದಿರುತ್ತಿತ್ತು. ಕೇಳದೆಯೇ ಮಾಹಿತಿ ಹೋಗುತ್ತಿದ್ದದ್ದು ಇದರ ಬಲದಿಂದ. ನಿಮ್ಮ ಮಾದರಿಯಲ್ಲೂ ಈ ಪರಿಚಿತರ ಪುಟ ಇರಲೇಬೇಕು. ಇಲ್ಲದಿದ್ದರೆ ಬಾಣಗಳೆಲ್ಲ ವಿನ್ಯಾಸಕರ ತಲೆಯಲ್ಲಿರುತ್ತವೆ, ವ್ಯವಸ್ಥೆಯಲ್ಲಿ ಇರುವುದಿಲ್ಲ.

ಈಗ ಕಠಿಣವಾದ ಭಾಗ. ಎರಡನೆಯದೂ ಮೂರನೆಯದೂ ತಲೆ ಕೆಡಿಸಿಕೊಂಡು ಹುಡುಕುತ್ತಿರುವಾಗ, ಬಂದ ಅಲಾರಂಗಳು ದೋಷದಿಂದ ಹುಟ್ಟಿದವಲ್ಲ, ಮೊದಲೇ ಗೊತ್ತುಪಡಿಸಿದ ದುರಸ್ತಿ ಕೆಲಸದಿಂದ ಬಂದವು ಎಂಬುದು ಮೊದಲನೆಯ ಏಜೆಂಟ್‌ಗೆ ತಿಳಿಯಿತು ಎನ್ನೋಣ. ಅದು ತನ್ನ ಪಾಡಿಗೆ ತಾನು ಕೆಲಸ ನಿಲ್ಲಿಸಬಹುದು. ಅದನ್ನು ಯಾರೂ ಏನೂ ಕೇಳಿಲ್ಲ, ಹೊಸ ಅಲಾರಂ ಕಳುಹಿಸುವುದೂ ಇಲ್ಲ. ಸಂದೇಶಗಳ ಪಟ್ಟಿಯನ್ನು ಎಷ್ಟು ಜಾಗರೂಕತೆಯಿಂದ ಮಾಡಿದ್ದರೂ ಅದು ಯಾವ ನಿಯಮವನ್ನೂ ಮುರಿದಿಲ್ಲ. ಉಳಿದಿಬ್ಬರು ಇಲ್ಲದ ದೋಷವನ್ನು ಹುಡುಕುತ್ತಲೇ ಇರುತ್ತಾರೆ.

ಫಿಲಿಪ್ ಕೋಹೆನ್ ಮತ್ತು ಹೆಕ್ಟರ್ ಲೆವೆಕ್ 1990ರ ಸುಮಾರಿಗೆ ಕಟ್ಟಿದ ಜಂಟಿ ಸಂಕಲ್ಪದ ಸಿದ್ಧಾಂತ ಹಿಡಿದದ್ದು ಇದೇ ಎಳೆಯನ್ನು. ಕೂಡಿ ಒಂದು ಗುರಿ ಇಟ್ಟುಕೊಂಡವರಲ್ಲಿ ಒಬ್ಬರಿಗೆ, ಆ ಗುರಿ ಈಡೇರಿತು, ಇಲ್ಲವೇ ಈಡೇರದು, ಇಲ್ಲವೇ ಇನ್ನು ಬೇಕಾಗಿಲ್ಲ ಎಂದು ಖಾಸಗಿಯಾಗಿ ತಿಳಿದರೆ, ಆ ಕ್ಷಣದಿಂದ ಅದನ್ನು ಎಲ್ಲರಿಗೂ ತಿಳಿಸುವುದು ಅವರ ಹೊಸ ಗುರಿಯಾಗುತ್ತದೆ. ಸಂವಹನ ಹೊರಗಿನಿಂದ ಅಂಟಿಸಿದ ಸೌಲಭ್ಯವಾಗಿ ಉಳಿಯದೆ ಸಹಕಾರದ ವ್ಯಾಖ್ಯೆಯಿಂದಲೇ ಹುಟ್ಟಿಬರುವುದು ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದ ಅಂಶ. ನಿಕ್ ಜೆನ್ನಿಂಗ್ಸ್ ಇದನ್ನು ಜಂಟಿ ಹೊಣೆಗಾರಿಕೆ ಎಂದು ಬೆಳೆಸಿ, ಇದೇ ವಿದ್ಯುತ್ ಜಾಲದ ಸನ್ನಿವೇಶದ ಮೇಲೆ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಹೊಣೆಗಾರಿಕೆಯ ನಿಯಮ ಇದ್ದ ಗುಂಪಿನಲ್ಲಿ ವ್ಯರ್ಥ ದುಡಿಮೆ ಕಡಿಮೆಯಾಗಿತ್ತು. ಆ ಲೇಖನವನ್ನು ಹುಡುಕಿ ಓದಿ, ನಿಮ್ಮ ಪ್ರಬಂಧದ ಬೆನ್ನೆಲುಬಾಗಬಲ್ಲದು.

ನಮ್ಮ ಲೈನ್‌ಮನ್‌ಗಳಿಗೆ ಈ ವಿಷಯದಲ್ಲಿ ಪಾಠ ಹೇಳುವ ಅಗತ್ಯವಿಲ್ಲ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ತೆಗೆದುಕೊಳ್ಳಬೇಕು. ಪಡೆದವರು ಅದನ್ನು ಹಿಂದಿರುಗಿಸುವವರೆಗೆ ಆಪರೇಟರ್ ಆ ಮಾರ್ಗಕ್ಕೆ ವಿದ್ಯುತ್ ಹರಿಸುವಂತಿಲ್ಲ. ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತದೆ ಎಂದು ಆಪರೇಟರ್ ಮನಸ್ಸಿನಲ್ಲಿ ಎಷ್ಟೇ ದೃಢವಾಗಿ ನಂಬಿದ್ದರೂ ಅದಕ್ಕೆ ಬೆಲೆಯಿಲ್ಲ. ಲೈನ್ ಕ್ಲಿಯರ್ ಹಿಂದಕ್ಕೆ ಬಂತೇ ಎಂದು ರಿಜಿಸ್ಟರಿನಲ್ಲಿ ನೋಡುತ್ತಾರೆ. ನಂಬಿಕೆ ಒಳಗಿನದು, ಹೊಣೆ ಹೊರಗೆ ಎಲ್ಲರಿಗೂ ಕಾಣುವಂಥದು.

ನಿಮ್ಮ ಭಾಷೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮಾತಾಡುವುದೂ ಒಂದು ಕ್ರಿಯೆಯೇ ಎಂಬ, ದಾರ್ಶನಿಕರಾದ ಜೆ.ಎಲ್. ಆಸ್ಟಿನ್ ಮತ್ತು ಜಾನ್ ಸರ್ಲ್ ಅವರ ವಿಚಾರವನ್ನು ಎರಡೂ ಭಾಷೆಗಳು ಆಧಾರವಾಗಿ ಇಟ್ಟುಕೊಂಡಿವೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಬೆಂಬಲಿಸಿದ ಜ್ಞಾನ ಹಂಚಿಕೆಯ ಯೋಜನೆಯಲ್ಲಿ ಕೆಕ್ಯೂಎಂಎಲ್ ಹುಟ್ಟಿತು. ಅದರ ಸಂದೇಶವನ್ನು ಬಿಡಿಸಿ ನೋಡಿದರೆ ಮೊದಲಿಗೆ ಕ್ರಿಯೆಯ ಹೆಸರು ಇರುತ್ತದೆ: ಕೇಳು, ಹೇಳು, ಚಂದಾದಾರನಾಗು, ನನಗೆ ಇದು ಬರುತ್ತದೆಂದು ಸಾರು, ಬೇರೆಯವರಿಂದ ಮಾಡಿಸಿಕೊಡು, ಹೀಗೆ. ಅದರ ಹಿಂದೆ ಕಳುಹಿಸಿದವರು, ಪಡೆಯುವವರು, ಇದು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬ ಗುರುತು, ಒಳಗಿನ ವಿಷಯ ಯಾವ ಭಾಷೆಯಲ್ಲಿದೆ, ಯಾವ ಆಂಟಾಲಜಿಯ (ಒಂದು ಕ್ಷೇತ್ರದ ಪದಗಳ ಮತ್ತು ಅವುಗಳ ಅರ್ಥಗಳ ಒಪ್ಪಿತ ಪಟ್ಟಿ) ಪದಗಳನ್ನು ಬಳಸಿದೆ ಎಂಬ ವಿವರಗಳು. ಎಲ್ಲಕ್ಕಿಂತ ಒಳಗೆ ನಿಜವಾದ ವಿಷಯ. ಹೊದಿಕೆಯನ್ನು ಓದುವವರು ಒಳಗಿನದನ್ನು ಅರ್ಥ ಮಾಡಿಕೊಳ್ಳಬೇಕಿಲ್ಲ. ಮಧ್ಯವರ್ತಿ ಏಜೆಂಟ್‌ಗಳು ಸಂದೇಶವನ್ನು ಸರಿಯಾದ ಜಾಗಕ್ಕೆ ತಲುಪಿಸಲು ಇಷ್ಟು ಸಾಕು. ಒಳ್ಳೆಯ ವಿನ್ಯಾಸವೇ, ಆದರೆ ಆ ಕ್ರಿಯೆಗಳ ಅರ್ಥ ಬಹುಕಾಲ ಸಡಿಲವಾಗಿಯೇ ಉಳಿಯಿತು.

ಏಜೆಂಟ್‌ಗಳಿಗೆ ಮಾನದಂಡ ರೂಪಿಸಲು 1996ರಲ್ಲಿ ಆರಂಭವಾದ ಫಿಪಾ ಸಂಸ್ಥೆ ತನ್ನ ಭಾಷೆಯಲ್ಲಿ ಅದನ್ನು ಬಿಗಿಗೊಳಿಸಿತು. ಅದರ ಪಟ್ಟಿಯಲ್ಲಿ 22 ಸಂವಹನ ಕ್ರಿಯೆಗಳಿವೆ, ಪ್ರತಿಯೊಂದಕ್ಕೂ ತರ್ಕದ ಭಾಷೆಯಲ್ಲಿ ಅರ್ಥವಿದೆ. ತಿಳಿಸು ಎಂಬ ಕ್ರಿಯೆಯನ್ನೇ ತೆಗೆದುಕೊಳ್ಳಿ. ಹೇಳುವ ಏಜೆಂಟ್ ಆ ಮಾತನ್ನು ತಾನು ನಂಬಿರಬೇಕು, ಕೇಳುವವರಿಗೆ ಅದು ಆಗಲೇ ಗೊತ್ತಿದೆ ಎಂದು ಭಾವಿಸಿರಬಾರದು. ಕೇಳುವವರೂ ಅದನ್ನು ನಂಬಬೇಕೆಂಬುದು ಉದ್ದೇಶ. ಓದಲು ಸೊಗಸಾಗಿದೆ. ಆದರೆ ಬೇರೆಯವರು ಬರೆದ ಏಜೆಂಟ್ ಏನನ್ನು ನಂಬಿದೆ ಎಂದು ನೀವು ಹೊರಗಿನಿಂದ ಪರಿಶೀಲಿಸುವುದು ಹೇಗೆ? ನಿಮ್ಮ ಮೂರು ವ್ಯವಸ್ಥೆಗಳಲ್ಲಿ ಒಂದರ ಒಳಗಂತೂ ನಂಬಿಕೆ ಎಂಬ ಹೆಸರಿನ ಯಾವ ವಸ್ತುವೂ ಇರಲಿಕ್ಕಿಲ್ಲ, ಬರೀ ನಿಯಮಗಳಿರುತ್ತವೆ. 1998ರಲ್ಲಿ ಮುನೀಂದರ್ ಸಿಂಗ್ ಮತ್ತು ಮೈಕೆಲ್ ವೂಲ್ಡ್ರಿಜ್ ಬೇರೆ ಬೇರೆ ಲೇಖನಗಳಲ್ಲಿ ಎತ್ತಿದ ತಕರಾರು ಈ ಪರಿಶೀಲನೆಯ ಬಗ್ಗೆಯೇ. ಸಿಂಗ್ ಅವರ ಪರಿಹಾರ ಲೈನ್ ಕ್ಲಿಯರ್ ರಿಜಿಸ್ಟರಿಗೆ ಹತ್ತಿರವಾದದ್ದು: ಸಂದೇಶದ ಅರ್ಥವನ್ನು ಮನಸ್ಸಿನ ಸ್ಥಿತಿಯಲ್ಲಿ ಹುಡುಕಬೇಡಿ, ಅದರಿಂದ ಯಾರ ಮೇಲೆ ಯಾರಿಗೆ ಸಲ್ಲಬೇಕಾದ ಯಾವ ಹೊಣೆ ಹುಟ್ಟಿತು ಎಂಬುದರಲ್ಲಿ ಹುಡುಕಿ. ಹೊಣೆಯನ್ನು ಹುಟ್ಟಿಸಬಹುದು, ತೀರಿಸಬಹುದು, ರದ್ದು ಮಾಡಬಹುದು, ಹೊತ್ತವರನ್ನು ಬಿಡುಗಡೆ ಮಾಡಬಹುದು, ಇನ್ನೊಬ್ಬರ ಹೆಗಲಿಗೆ ದಾಟಿಸಬಹುದು, ಪಡೆಯಬೇಕಾದವರನ್ನೇ ಬದಲಾಯಿಸಬಹುದು. ಲೆಕ್ಕ ಇಡುವುದಕ್ಕೆ ಸಂದೇಶಗಳ ದಾಖಲೆ ಸಾಕು, ಯಾರ ತಲೆಯೊಳಗೂ ಇಣುಕಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆ: ಸಂದೇಶದ ರೂಪಕ್ಕೆ ಫಿಪಾ ಇಟ್ಟುಕೊಳ್ಳಿ, ಫಿಪಾ ಸಂದೇಶಗಳನ್ನು ನಿಭಾಯಿಸುವ ಜೇಡ್‌ನಂತಹ ತಂತ್ರಾಂಶ ಸಿದ್ಧವಾಗಿ ಸಿಗುತ್ತದೆ. ಅರ್ಥವನ್ನು ಮಾತ್ರ ಹೊಣೆಗಳಲ್ಲಿ ಬರೆಯಿರಿ. ನಿಮ್ಮ ಮಾರ್ಗದರ್ಶಕರು ಒಪ್ಪದಿದ್ದರೆ ಪರಿಶೀಲನೆಯ ಪ್ರಶ್ನೆಯನ್ನು ಅವರ ಮುಂದಿಡಿ.

ಹೊಣೆಯ ಪರವಾಗಿ ಇನ್ನೊಂದು ಮಾತಿದೆ. ಸಂದೇಶ ಕಳೆದುಹೋಗಬಹುದಾದ ಜಾಲದಲ್ಲಿ, ನನಗೆ ಗೊತ್ತಿದೆ, ನನಗೆ ಗೊತ್ತಿರುವುದು ನಿನಗೆ ಗೊತ್ತಿದೆ, ನಿನಗೆ ಗೊತ್ತಿರುವುದು ನನಗೆ ಗೊತ್ತಿದೆ ಎಂದು ಕೊನೆಯಿಲ್ಲದೆ ಸಾಗುವ ಸಾಮಾನ್ಯ ಜ್ಞಾನವನ್ನು ತಲುಪಲು ಸಾಧ್ಯವೇ ಇಲ್ಲ ಎಂದು ಜೋಸೆಫ್ ಹಾಲ್ಪರ್ನ್ ಮತ್ತು ಯೋರಾಮ್ ಮೋಸೆಸ್ 1984ರಲ್ಲೇ ತೋರಿಸಿದರು. ಎಷ್ಟು ಬಾರಿ ಸ್ವೀಕೃತಿ ಕಳುಹಿಸಿದರೂ ಕೊನೆಯ ಸ್ವೀಕೃತಿ ತಲುಪಿತೇ ಎಂಬ ಅನುಮಾನ ಉಳಿಯುತ್ತದೆ. ಜಂಟಿ ಸಂಕಲ್ಪದ ಸಿದ್ಧಾಂತವನ್ನು ಅಕ್ಷರಶಃ ಪಾಲಿಸಲು ಹೊರಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಿಳಿಸುವ ಹೊಣೆ, ಅದಕ್ಕೊಂದು ಗಡುವು, ಗಡುವು ಮೀರಿದರೆ ಏನು ಮಾಡಬೇಕು ಎಂಬ ನಿಯಮ, ಇಷ್ಟಕ್ಕೆ ತೃಪ್ತಿಪಟ್ಟರೆ ಕೆಲಸ ನಡೆಯುತ್ತದೆ.

ಕೆಲಸ ಹಂಚುವುದಕ್ಕೆ ಕಾಂಟ್ರ್ಯಾಕ್ಟ್ ನೆಟ್ ಎಂಬ ಕ್ರಮ ಧಾರಾಳವಾಗಿ ಸಾಕು. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ್ದು: ಕೆಲಸ ಸಾರುವುದು, ಬಿಡ್ ಕರೆಯುವುದು, ಒಬ್ಬರಿಗೆ ಒಪ್ಪಿಸುವುದು. ಟೆಂಡರ್ ಕಂಡವರಿಗೆ ವಿವರಿಸಬೇಕಿಲ್ಲ. ಒಂದನ್ನು ಮಾತ್ರ ನಿರ್ಧರಿಸಿಕೊಳ್ಳಿ. ಬಿಡ್ ಸಲ್ಲಿಸಿದೊಡನೆ ಹೊಣೆ ಹುಟ್ಟುತ್ತದೆಯೇ, ಒಪ್ಪಿಸಿದ ಮೇಲೆಯೇ? ಮೊದಲನೆಯದಾದರೆ ಒಂದು ಏಜೆಂಟ್ ಏಕಕಾಲಕ್ಕೆ ನಾಲ್ಕು ಕಡೆ ಬಿಡ್ ಹಾಕಿ ನಾಲ್ಕೂ ಗೆದ್ದರೆ ಸಿಕ್ಕಿಕೊಳ್ಳುತ್ತದೆ. ಎರಡನೆಯದಾದರೆ ಒಪ್ಪಿಸಿದ ಮೇಲೂ ಒಲ್ಲೆ ಎನ್ನುವುದಕ್ಕೆ ಅವಕಾಶ ಕೊಡಬೇಕು.

ನೇರ ಸಂದೇಶಗಳೇ ಬೇಡ, ಎಲ್ಲರೂ ಒಂದೇ ಹಲಗೆಯ ಮೇಲೆ ಬರೆಯಲಿ ಎಂಬ ಬ್ಲ್ಯಾಕ್‌ಬೋರ್ಡ್ ಮಾರ್ಗವೂ ಇದೆ. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಾಜ್ ರೆಡ್ಡಿ ಮತ್ತು ಸಂಗಡಿಗರು ಕಟ್ಟಿದ ಹಿಯರ್‌ಸೇ-2 ಹೀಗೆಯೇ ಸುಮಾರು 1,000 ಪದಗಳ ಶಬ್ದಭಂಡಾರದೊಳಗಿನ ಮಾತನ್ನು ಗ್ರಹಿಸುತ್ತಿತ್ತು. ಒಂದೇ ತಂಡ ಬರೆದ ವ್ಯವಸ್ಥೆಗೆ ಇದು ಚೆನ್ನ. ನಿಮ್ಮವು ಮೂರು ಕಡೆಯಿಂದ ಬಂದವು, ನಾನಾಗಿದ್ದರೆ ಆ ದಾರಿ ಹಿಡಿಯುತ್ತಿರಲಿಲ್ಲ.

ಜ್ಞಾನದ ಭಾಗದಲ್ಲಿ ಒಂದು ಎಚ್ಚರಿಕೆ. ಆಂಟಾಲಜಿ ಎಂದೊಡನೆ ಎಲ್ಲರೂ ಉಪಕರಣಗಳ ಹೆಸರುಗಳನ್ನು ಹೊಂದಿಸಲು ಕೂರುತ್ತಾರೆ. ಅದು ಬೇಸರದ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಕಾಲ ಮತ್ತು ಖಚಿತತೆಯ ವಿಷಯದಲ್ಲಿ. ಮೇಲೆ ನಾನು ಒಂದನ್ನಷ್ಟೇ ಹೇಳಿದೆ, ಆದರೆ ಇಬೆರ್‌ಡ್ರೋಲಾದಲ್ಲಿ ದೋಷ ಹುಡುಕುವ ಏಜೆಂಟ್‌ಗಳು ಎರಡಿದ್ದವು. ಒಂದು ಘಟನೆಗಳ ಕಾಲಕ್ರಮ ಇರುವ ಅಲಾರಂಗಳನ್ನು ನೋಡುತ್ತಿತ್ತು, ಇನ್ನೊಂದು ಕಾಲಕ್ರಮವಿಲ್ಲದವನ್ನು. ಇಂಥ ಎರಡು ಏಜೆಂಟ್‌ಗಳಲ್ಲಿ ಒಂದು ತನ್ನ ಉತ್ತರಕ್ಕೆ 0.8 ಎಂದೂ ಇನ್ನೊಂದು 0.6 ಎಂದೂ ಅಂಕಿ ಹಚ್ಚಿ ಕಳುಹಿಸಿದರೆ ಮೊದಲನೆಯದೇ ಸರಿ ಎನ್ನಬಹುದೇ? ಒಂದರ ಅಂಕಿ ಸಂಭವನೀಯತೆ ಇರಬಹುದು, ಇನ್ನೊಂದರದು ಯಾರೋ ಪರಿಣತರು ಅಂದಾಜಿನಲ್ಲಿ ಕೊಟ್ಟ ತೂಕ ಇರಬಹುದು. ಅಂಕಿಯ ಜೊತೆಗೆ ಅದು ಯಾವ ಸಾಕ್ಷ್ಯದಿಂದ ಬಂತು, ಆ ಸಾಕ್ಷ್ಯ ಎಷ್ಟು ಹೊತ್ತಿನದು ಎಂಬುದನ್ನು ಸಂದೇಶದಲ್ಲೇ ಕಳುಹಿಸಿ. ಒಂದೇ ಅಲಾರಂ ಎರಡು ದಾರಿಯಲ್ಲಿ ಬಂದು ಎರಡು ಸಾಕ್ಷಿಗಳಾಗಿ ಲೆಕ್ಕಕ್ಕೆ ಸೇರುವ ಅನಾಹುತವೂ ಇದರಿಂದ ತಪ್ಪುತ್ತದೆ.

ಇದೆಲ್ಲ ಹಳೆಯ ಕಾಲದ್ದು, ಈಗ ಚಾಟ್‌ಜಿಪಿಟಿಯಂತಹ ಭಾಷಾ ಮಾದರಿಗಳ ಏಜೆಂಟ್‌ಗಳು ಬಂದಿವೆ ಎಂದು ಯಾರಾದರೂ ಮೂಗು ಮುರಿಯಬಹುದು. 2025ರ ಏಪ್ರಿಲ್‌ನಲ್ಲಿ ಗೂಗಲ್ ಪ್ರಕಟಿಸಿದ, ಏಜೆಂಟ್‌ಗಳು ಪರಸ್ಪರ ಮಾತಾಡುವ ನಿಯಮಗಳಾದ ಎ2ಎ ಪ್ರೋಟೋಕಾಲ್ ತೆರೆದು ನೋಡಲಿ. ತನಗೆ ಏನು ಬರುತ್ತದೆ ಎಂದು ಸಾರುವ ಏಜೆಂಟ್ ಕಾರ್ಡ್ ಇದೆ. ಕೆಲಸಕ್ಕೆ ಸಲ್ಲಿಕೆಯಾಗಿದೆ, ನಡೆಯುತ್ತಿದೆ, ಇನ್ನಷ್ಟು ಮಾಹಿತಿ ಬೇಕು, ಮುಗಿದಿದೆ, ರದ್ದಾಗಿದೆ, ವಿಫಲವಾಗಿದೆ ಎಂಬ ಸ್ಥಿತಿಗಳಿವೆ. ಪರಿಚಿತರ ಮಾದರಿ ಮತ್ತು ಹೊಣೆಯ ಸ್ಥಿತಿಗಳು ಹೊಸ ಬಟ್ಟೆ ತೊಟ್ಟು ಬಂದಿವೆ. ಭಾಷಾ ಮಾದರಿ ಏನನ್ನು ನಂಬಿದೆ ಎಂದು ಹೇಳುವುದು ಇನ್ನೂ ಕಷ್ಟವಾದ್ದರಿಂದ ಹೊಣೆಯ ಲೆಕ್ಕದ ಅಗತ್ಯ ಹೆಚ್ಚಿದೆ.

ನಿಮ್ಮ ಅಧ್ಯಾಯಕ್ಕೆ ಮೊದಲು ಒಂದೇ ಒಂದು ಸಂಭಾಷಣೆಯನ್ನು ಆರಿಸಿಕೊಳ್ಳಿ. ಅದರ ಪ್ರತಿ ಸಂದೇಶದ ಎದುರು ಮೂರು ಸಂಗತಿ ಬರೆಯಿರಿ: ಯಾವ ಹೊಣೆ ಹುಟ್ಟಿತು, ಯಾವುದು ತೀರಿತು, ಹೊತ್ತವರು ಸುಮ್ಮನಾದರೆ ಎಷ್ಟು ಹೊತ್ತಿನ ಮೇಲೆ ಯಾರು ಏನು ಮಾಡಬೇಕು. ಆಮೇಲೆ ಅನುಕ್ರಮ ಚಿತ್ರಕ್ಕೆ ಬನ್ನಿ. ವ್ಯವಸ್ಥೆ ಓಡಲು ಶುರುವಾದ ಮೇಲೆ, ಸಂಭಾಷಣೆಯ ನಡುವೆ ಬೇಕೆಂದೇ ಒಂದು ಏಜೆಂಟ್ ಅನ್ನು ನಿಲ್ಲಿಸಿ, ಉಳಿದ ಎರಡು ಏನು ಮಾಡುತ್ತವೆ ಎಂದು ದಾಖಲೆಯಲ್ಲಿ ನೋಡಿ. ಮೂರನ್ನೂ ಸರದಿಯಂತೆ, ಪ್ರತಿ ಸಂದೇಶದ ನಂತರ ಒಮ್ಮೊಮ್ಮೆ ಹೀಗೆ ನಿಲ್ಲಿಸಿ ನೋಡಿದರೆ ಫಲಿತಾಂಶಗಳ ಅಧ್ಯಾಯಕ್ಕೂ ಸಾಮಗ್ರಿ ಸಿಕ್ಕಿಬಿಡುತ್ತದೆ.