ಆದೋನಿ ಅತ್ತೆಯನ್ನು ಎಲ್ಲಿ ಬರೆಯೋದು?

ಬಳ್ಳಾರಿಯಲ್ಲಿ ಡಿಗ್ರಿ ಪಾಠ ತೆಲುಗಿನಲ್ಲಿ ನಡೆಯುತ್ತಾ ಅಂತ ಕೇಳಿದ್ದಿರಿ, ಮೊದಲು ಅದಕ್ಕೆ ಉತ್ತರ ಹೇಳಿಬಿಡ್ತೀನಿ. ಇಲ್ಲ, ನಡೆಯಲ್ಲ. ಬೆಂಗಳೂರು ಕಡೆಯವರು ಇದನ್ನು ಕೇಳಿದಾಗ ಮೊದಮೊದಲು ಸಿಟ್ಟು ಬರ್ತಿತ್ತು, ಈಗ ನಗು ಬರುತ್ತೆ. ನಾನು ಓದುವುದು ಬಿಎ, ಕನ್ನಡ ಮಾಧ್ಯಮ, ಇತಿಹಾಸದ ಜೊತೆ ಸಮಾಜಶಾಸ್ತ್ರ. ಕಾಲೇಜು ಸರ್ಕಾರಿ. ಡಿಗ್ರಿ ಕೊಡುವುದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಅದು ಶುರುವಾಗಿದ್ದು 2010ರಲ್ಲಿ. ನಮ್ಮ ಚಿಕ್ಕಪ್ಪನ ಸರ್ಟಿಫಿಕೇಟಿನ ಮೇಲೆ ಇನ್ನೂ ಗುಲಬರ್ಗಾ ವಿಶ್ವವಿದ್ಯಾಲಯ ಅಂತಲೇ ಇದೆ. ಪಾಠ ಕನ್ನಡದಲ್ಲಿ, ನೋಟ್ಸ್ ಕನ್ನಡದಲ್ಲಿ. ಬೆಲ್ ಹೊಡೆದು ಹೊರಗೆ ಬಂದು ಒಗ್ಗಾಣಿ-ಮಿರ್ಚಿ ಮುಂದೆ ಕೂತಾಗ ಮಾತ್ರ ಯಾರ ಬಾಯಲ್ಲಿ ಯಾವ ಭಾಷೆ ಬರುತ್ತೋ ಹೇಳೋಕಾಗಲ್ಲ.

"ಸಮಾಜಶಾಸ್ತ್ರದಲ್ಲಿ ಓದೋಕೆ ಏನಿದೆ, ಸುಮ್ನೆ ಮಾರ್ಕ್ಸ್ ಬರುತ್ತೆ ಅಂತ ತಗೋತಾರೆ" ಅಂದಿರಲ್ಲ, ಅದಕ್ಕೆ ಉತ್ತರ ಸ್ವಲ್ಪ ಉದ್ದ. ನಾನೂ ಹಾಗೆ ಅಂದುಕೊಂಡೇ ತಗೊಂಡಿದ್ದು. ಡರ್ಖೈಮ್, ವೆಬರ್ ಅಂತ ಹೆಸರು ಬಾಯಿಪಾಠ ಮಾಡಿದ್ದಾಯ್ತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಅಧ್ಯಯನ ಮಾಡಿದ ರಾಮಪುರ ಬಂತು. ಅದು ಮೈಸೂರು ಕಡೆಯ ಹಳ್ಳಿ, ಅವರು ಅಲ್ಲಿ ಹೋಗಿ ಇದ್ದದ್ದು 1948ರಲ್ಲಿ. ಓದೋಕೆ ಚೆನ್ನಾಗಿತ್ತು, ಆದರೆ ದೂರದ ಊರಿನ ಕಥೆ ಅನ್ನಿಸ್ತಿತ್ತು. ಆಮೇಲೆ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟರು. ನಿಮ್ಮ ಮನೆಯ ಬಾಂಧವ್ಯದ ನಕ್ಷೆ ಬರೆದು ತನ್ನಿ, ಮೂರು ತಲೆಮಾರು ಸಾಕು ಅಂದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಗೆರೆ, ತೀರಿಕೊಂಡವರ ಮೇಲೆ ಒಂದು ಓರೆಗೆರೆ.

ಡ್ರಾಯಿಂಗ್ ಶೀಟ್ ಹಾಸಿಕೊಂಡು ಪಡಸಾಲೆಯಲ್ಲಿ ಕೂತೆ. ನಮ್ಮೂರು ಸಿರುಗುಪ್ಪ ತಾಲೂಕಿನಲ್ಲಿದೆ. ಅಜ್ಜಿ ಬಂದು ನೋಡಿ, "ಇದೇನು, ಗಂಡಸರನ್ನೆಲ್ಲ ತಿಕೋನ ಮಾಡೀದಿ?" ಅಂದಳು. ಹತ್ತು ನಿಮಿಷದಲ್ಲೇ ಶೀಟ್ ಕೆಟ್ಟುಹೋಯ್ತು. ಯಾಕಂದ್ರೆ ನಮ್ಮ ಅಕ್ಕನನ್ನು ಕೊಟ್ಟಿರುವುದು ಸೋದರಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ. ಅವನನ್ನು ಅಮ್ಮನ ಪಕ್ಕ ಬರೆಯಬೇಕಾ, ಒಂದು ಸಾಲು ಕೆಳಗೆ ಅಕ್ಕನ ಪಕ್ಕ ಬರೆಯಬೇಕಾ? ನನಗೆ ಅವನು ಮಾವನೂ ಹೌದು, ಭಾವನೂ ಹೌದು. ಅವರ ಮಗಳು ಅಮ್ಮನಿಗೆ ಮೊಮ್ಮಗಳು, ತಮ್ಮನ ಮಗಳು ಅನ್ನೋ ಲೆಕ್ಕದಲ್ಲಿ ಸೊಸೆ. ಗೆರೆ ಮೇಲಿಂದ ಕೆಳಗೆ ಬಂದು, ಮತ್ತೆ ಓರೆಯಾಗಿ ಹತ್ತಿ, ಕೊನೆಗೆ ಜೇಡರ ಬಲೆ.

ಪುಸ್ತಕದಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಹೇಳಿದ್ದು ಆಗ ತಲೆಗೆ ಹೋಯ್ತು. ಉತ್ತರದ ಕಡೆ ಹೆಣ್ಣನ್ನು ದೂರದ, ಸಂಬಂಧವೇ ಇಲ್ಲದ ಮನೆಗೆ ಕೊಡುವುದು ರೂಢಿ. ನಮ್ಮಲ್ಲಿ ಇದ್ದ ಸಂಬಂಧವನ್ನೇ ಮತ್ತೆ ಗಂಟು ಹಾಕ್ತಾರೆ. ಮಾತಿನಲ್ಲೇ ಅದು ಇದೆಯಲ್ವಾ? ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಹೆಣ್ಣುಮಗಳಿಗೆ ಅಣ್ಣನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಮದುವೆಗೆ ಮುಂಚೆಯೇ ಹೆಸರು ತಯಾರಾಗಿ ಕೂತಿರುತ್ತೆ. ಹಾಗಂತ ಯಾರನ್ನು ಬೇಕಾದರೂ ಆಗೋ ಹಾಗಿಲ್ಲ. ಒಂದೇ ಬೆಡಗಿನವರು, ಅಂದರೆ ಒಂದೇ ವಂಶದ ಕವಲಿನವರು, ಅಣ್ಣತಮ್ಮಂದಿರು, ಅಲ್ಲಿ ಮದುವೆ ಮಾತೇ ಇಲ್ಲ. ಪುಸ್ತಕದಲ್ಲಿ ಅದಕ್ಕೆ ಬಹಿರ್ವಿವಾಹ ಅಂತಾರೆ. ಅಜ್ಜಿಗೆ ಆ ಪದ ಹೇಳಿದೆ. "ಬೆಡಗು ಅನ್ನಾಕ ಏನಾಗೈತಿ?" ಅಂದಳು.

1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವನಿಗೂ ಅಕ್ಕ-ತಂಗಿಯ ಮಗಳಿಗೂ ಮದುವೆ ಬೇಡ ಅನ್ನುತ್ತೆ, ಆದರೆ ರೂಢಿ ಇದ್ದವರಿಗೆ ವಿನಾಯಿತಿ ಇಟ್ಟಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮಕ್ಕಳಿಗೆ ಹುಟ್ಟುವಾಗಲೇ ತೊಂದರೆ ಬರುವ ಸಾಧ್ಯತೆ ಜಾಸ್ತಿ ಅನ್ನೋದನ್ನೂ ಓದಿದೆವು. ನನಗಂತೂ ಬೇಡ ಅಂತ ಮನೆಯಲ್ಲಿ ಹೇಳಿಯಾಗಿದೆ.

ಇನ್ನು ಆದೋನಿ ಅತ್ತೆ. ಅಜ್ಜಿ ಹುಟ್ಟಿದ್ದು ಆದೋನಿ ಹತ್ತಿರದ ಹಳ್ಳಿಯಲ್ಲಿ. ಆಗ ಆದೋನಿ, ಸಿರುಗುಪ್ಪ ಎರಡೂ ಬಳ್ಳಾರಿ ಜಿಲ್ಲೆಯವೇ, ಮದ್ರಾಸ್ ಪ್ರಾಂತ್ಯದ ಒಳಗೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಅಜ್ಜಿ ಆಗ ಸಣ್ಣ ಹುಡುಗಿ. ಮುಂದೆ ಅವಳನ್ನು ಈ ಕಡೆ ಕೊಟ್ಟರು. ಅವಳು ತನ್ನ ಮಗಳನ್ನು, ಅಂದರೆ ನಮ್ಮ ಈ ಅತ್ತೆಯನ್ನು, ವಾಪಸ್ ತವರಿಗೇ, ಅಣ್ಣನ ಮಗನಿಗೆ ಕೊಟ್ಟಳು. ಗಡಿ ಬಂದರೂ ಕೊಡು-ತಗೋ ನಿಲ್ಲಲಿಲ್ಲ. ನಿಮ್ಮ ಕಡೆ ಗಡಿನಾಡು ಅಂದ ಕೂಡಲೇ ಜಗಳ ನೆನಪಾಗುತ್ತೆ. ನಮಗೆ ನೆನಪಾಗೋದು ಸೀಮಂತಕ್ಕೆ ಹೋಗೋ ಬಸ್ಸು.

ಅತ್ತೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಓದಿದ್ದು ತೆಲುಗಿನಲ್ಲಿ. ಸಣ್ಣವರಿದ್ದಾಗ ಅವರು "ಅವ್ವ ಎಲ್ಲಿ?" ಅಂದರೆ ನಾನು ನಮ್ಮಮ್ಮನ ಕಡೆ ಕೈ ತೋರಿಸ್ತಿದ್ದೆ. ಅವರು ಹುಡುಕ್ತಿದ್ದದ್ದು ಅಜ್ಜಿಯನ್ನ. ಆ ಕಡೆ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ, ನಮ್ಮೂರ ಕನ್ನಡದಲ್ಲಿ ಅವ್ವ ಅಂದರೆ ತಾಯಿ. ನಕ್ಷೆಯಲ್ಲಿ ವೃತ್ತ ಒಂದೇ, ಕರೆಯೋ ಹೆಸರು ಮಾತ್ರ ಒಂದು ತಲೆಮಾರು ಜಾರುತ್ತೆ.

ಓದಿ ಏನು ಮಾಡ್ತೀಯಾ ಅಂತಲೂ ಕೇಳಿದ್ದೀರಿ. ಎಲ್ಲರ ಹಾಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದೋದು. ನಮಗೆ ಸಂವಿಧಾನದ 371(ಜೆ) ವಿಧಿ ಇದೆ, ನಮ್ಮ ಭಾಗದ ಸಿ ಗುಂಪಿನ ಕೆಲಸದಲ್ಲಿ ಶೇಕಡ 80 ಸ್ಥಳೀಯರಿಗೆ. ಅತ್ತೆಯ ಮಗಳಿಗೆ ಅವಳ ಕಡೆ 371(ಡಿ). ಒಂದೇ ಅಜ್ಜಿಯ ಮೊಮ್ಮಕ್ಕಳು ನಾವು, ಸಂವಿಧಾನದಲ್ಲಿ ಬೇರೆ ಬೇರೆ ಅಕ್ಷರ. ಈಗ ಮದುವೆ ಮಾತುಕತೆಯಲ್ಲಿ ಬೆಡಗು ಕೇಳಿದ ಮೇಲೆ ಇದನ್ನೂ ಕೇಳ್ತಾರೆ: ಹುಡುಗಿ ಆ ಕಡೆಯವಳಾದರೆ 371(ಜೆ)ಗೆ ಬೇಕಾದ ಸ್ಥಳೀಯರು ಅನ್ನೋ ಸರ್ಟಿಫಿಕೇಟ್ ಸಿಗುತ್ತಾ? 1953ರ ಗೆರೆ ಮಾಡದ ಕೆಲಸವನ್ನು ಈ ಸರ್ಟಿಫಿಕೇಟ್ ಮಾಡ್ತಿದೆ ಅಂತ ನನ್ನ ಅನುಮಾನ. ನಮ್ಮ ತಲೆಮಾರಿನಲ್ಲಿ ಆದೋನಿಗೆ ಕೊಟ್ಟಿದ್ದೂ ಇಲ್ಲ, ಅಲ್ಲಿಂದ ತಂದಿದ್ದೂ ಇಲ್ಲ. ಇದನ್ನು ನಕ್ಷೆಯ ಕೆಳಗೆ ನಾಲ್ಕು ಸಾಲಿನಲ್ಲಿ ಬರೆದೆ. ಡಿಗ್ರಿಯಲ್ಲಿ ನಾನು ಸ್ವಂತವಾಗಿ ಕಂಡುಹಿಡಿದು ಬರೆದದ್ದು ಅದೊಂದೇ.

ಸೆಮಿಸ್ಟರ್ ಪರೀಕ್ಷೆಯಲ್ಲಿ "ಬಾಂಧವ್ಯ ಎಂದರೇನು? ಅದರ ವಿಧಗಳನ್ನು ವಿವರಿಸಿ" ಅಂತ ಬಂತು. ಗೈಡಿನಲ್ಲಿದ್ದದ್ದನ್ನೇ ಬರೆದು ಬಂದೆ. ನಕ್ಷೆ ಸ್ಟಾಫ್ ರೂಮಿನ ಕಟ್ಟಿನಲ್ಲೆಲ್ಲೋ ಇದೆ, ಇನ್ನೂ ವಾಪಸ್ ಸಿಕ್ಕಿಲ್ಲ. ರಜೆಗೆ ಊರಿಗೆ ಹೋದಾಗೆಲ್ಲ ಅಜ್ಜಿ ಕೇಳ್ತಾಳೆ, "ನಮ್ಮ ಮಂದಿನ್ನೆಲ್ಲ ಯಾರ ಕೈಗೆ ಕೊಟ್ಟು ಬಂದೀಯವ್ವಾ?"